ಆಟೋಮ್ಯಾಟಿಕ್ ಕಾರು ಜರ್ಕ್ ಹೊಡೆಯುತ್ತಿತ್ತು: ಗೇರ್‌ಬಾಕ್ಸ್ ಇಳಿಸದೆ ಮನೆಯಲ್ಲೇ ಸರಿಮಾಡಿದ್ದು

ಆಟೋಮ್ಯಾಟಿಕ್ ಕಾರು ಜರ್ಕ್ ಹೊಡೆಯುತ್ತಿದೆ ಅಂದ ಕೂಡಲೇ ಕೇಳಿಬರುವ ಮೊದಲ ಮಾತು, "ಗೇರ್‌ಬಾಕ್ಸ್ ಇಳಿಸ್ಬೇಕ್ರೀ." ನನಗೂ ಬಳ್ಳಾರಿಯ ಗ್ಯಾರೇಜಿನಲ್ಲಿ ಅದೇ ಮಾತು ಬಂತು. ಇಳಿಸಿ, ಬಿಚ್ಚಿ, ಕ್ಲಚ್ ಪ್ಲೇಟ್ ಬದಲಿಸಿ ಮತ್ತೆ ಕೂರಿಸಲು ಅವರು ಹೇಳಿದ ಮೊತ್ತ ನನ್ನ ಹಳೇ ಕಾರಿನ ಬೆಲೆಯ ಕಾಲು ಭಾಗದಷ್ಟಿತ್ತು. ಕಾರನ್ನು ವಾಪಸ್ ಮನೆಗೆ ತಂದೆ. ಬರೀ ದುಡ್ಡಿನ ವಿಚಾರಕ್ಕಲ್ಲ. ಯಾರೂ ಡಿಪ್‌ಸ್ಟಿಕ್ ಎಳೆದು ಎಣ್ಣೆ ನೋಡಿರಲಿಲ್ಲ. ಒಂದು ಸುತ್ತು ಓಡಿಸಿಯೂ ನೋಡಿರಲಿಲ್ಲ.

ನಾನು ಕಾರು ಮೆಕ್ಯಾನಿಕ್ ಅಲ್ಲ. ತೋರಣಗಲ್ಲು ಕಡೆಯ ಕಾರ್ಖಾನೆಯೊಂದರಲ್ಲಿ ಹೈಡ್ರಾಲಿಕ್ ಯಂತ್ರಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಅರ್ಧ ಹೈಡ್ರಾಲಿಕ್ ಯಂತ್ರವೇ. ಪಂಪ್ ಇದೆ, ಎಣ್ಣೆಗೆ ದಾರಿ ತೋರಿಸುವ ವಾಲ್ವ್ ಬಾಡಿ ಇದೆ, ಆ ವಾಲ್ವ್‌ಗಳನ್ನು ಕರೆಂಟಿನಿಂದ ಆಡಿಸುವ ಸೊಲೆನಾಯ್ಡ್‌ಗಳಿವೆ. ಗೇರ್ ಬದಲಾಗುವಾಗ ಒಳಗೆ ಒಂದು ಕ್ಲಚ್ ಬಿಡಬೇಕು, ಇನ್ನೊಂದು ಹಿಡಿಯಬೇಕು. ಎರಡೂ ಅರೆಕ್ಷಣದಲ್ಲಿ ಆಗಬೇಕು. ಹಿಡಿಸುವುದು ಎಣ್ಣೆಯ ಒತ್ತಡ. ಎಣ್ಣೆ ಕಡಿಮೆಯಾದರೆ, ಹಳತಾದರೆ ಅಥವಾ ವಾಲ್ವ್ ಅಂಟಿಕೊಂಡರೆ ಈ ಲೆಕ್ಕ ತಪ್ಪುತ್ತದೆ. ನಮ್ಮ ಪ್ಲಾಂಟ್‌ನಲ್ಲಿ ಸಿಲಿಂಡರ್ ಒದೆಯುತ್ತಿದೆ ಅಂತ ಸಿಲಿಂಡರನ್ನೇ ಮೊದಲು ಬಿಚ್ಚುವವರು ಯಾರೂ ಇಲ್ಲ. ಮೊದಲು ಟ್ಯಾಂಕಿನ ಎಣ್ಣೆ ನೋಡುತ್ತೇವೆ.

ಕಾರು ಸೆಕೆಂಡ್ ಹ್ಯಾಂಡ್ ಸೆಡಾನ್, 4 ಸ್ಪೀಡ್. ಹೆಂಡತಿಗೆ ಎಡ ಮಂಡಿ ನೋವು, ಕ್ಲಚ್ ತುಳಿಯೋದು ಬೇಡ ಅಂತ ಕೊಂಡಿದ್ದು. ಕೊನೆಗೆ ಅದನ್ನು ಜಾಸ್ತಿ ಓಡಿಸುವವನು ನಾನೇ. ಬಳ್ಳಾರಿಯಿಂದ ತೋರಣಗಲ್ಲಿಗೆ ಸುಮಾರು 30 ಕಿಲೋಮೀಟರ್. ಕುಡಿತಿನಿ ಹತ್ತಿರ ಲಾರಿಗಳ ಸಾಲು ಸಿಕ್ಕರೆ ಹತ್ತು ಅಡಿ ಹೋಗು, ನಿಲ್ಲು, ಮತ್ತೆ ಹತ್ತು ಅಡಿ. ಜೊತೆಗೆ ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲು. ಟಾರ್ಕ್ ಕನ್ವರ್ಟರ್ ಜಾಸ್ತಿ ಬಿಸಿಯಾಗುವುದು ಇಂಥ ಓಟದಲ್ಲೇ. ಹೈವೇ ಓಟದಲ್ಲಿ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುವ ಅದರ ಲಾಕ್‌ಅಪ್ ಕ್ಲಚ್ ಹಿಡಿದುಕೊಂಡಿರುತ್ತದೆ, ಎಣ್ಣೆ ಅಷ್ಟು ಕಾಯುವುದಿಲ್ಲ.

ಮೊದಲು ನೋಡಬೇಕಾದ್ದು ಇದು ಜರ್ಕೋ, ಸ್ಲಿಪ್ಪೋ ಅಂತ. ಎರಡೂ ಬೇರೆ ಬೇರೆ ಕಾಯಿಲೆ. ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಮೇಲೇರಿ, ಕಾರು ಮಾತ್ರ ಮುಂದೆ ಹೋಗದಿದ್ದರೆ ಅದು ಸ್ಲಿಪ್. ಕ್ಲಚ್ ಪ್ಲೇಟ್ ಸವೆದಿರಬಹುದು, ಒತ್ತಡ ಬೀಳುತ್ತಿರಬಹುದು. ಎಣ್ಣೆಯ ಮಟ್ಟ ಸರಿಯಿದ್ದೂ ಸ್ಲಿಪ್ ಆಗುತ್ತಿದ್ದರೆ ಮನೆಯಲ್ಲಿ ಮಾಡುವಂಥದ್ದು ಹೆಚ್ಚೇನೂ ಇಲ್ಲ, ಹೆಚ್ಚಾಗಿ ಇಳಿಸಲೇಬೇಕಾಗುತ್ತದೆ. ಮುಳ್ಳು ನೆಟ್ಟಗೆ ಇಳಿದು, ಗೇರ್ ಬಿದ್ದು, ಬೀಳುವಾಗ ಮಾತ್ರ ಕಾರು ಒದ್ದರೆ ಇನ್ನೂ ಆಸೆ ಇದೆ. ನನ್ನದು ಒದೆಯುತ್ತಿತ್ತು, ಸ್ಲಿಪ್ ಇರಲಿಲ್ಲ.

ಯಾವಾಗ ಒದೆಯುತ್ತದೆ ಅಂತ ಚೀಟಿಯಲ್ಲಿ ಬರೆದುಕೊಂಡೆ. ಇದು ಬೇಸರದ ಕೆಲಸ. ಆದರೆ ಅರ್ಧ ರಿಪೇರಿ ಆ ಚೀಟಿಯಲ್ಲೇ ಆಗುತ್ತದೆ. ಎರಡು ಜಾಗ ಸಿಕ್ಕವು. ಒಂದು, ನಿಂತಲ್ಲೇ ಪಿ (ಪಾರ್ಕ್) ಇಂದ ಡಿಗೆ (ಡ್ರೈವ್) ಅಥವಾ ಆರ್‌ಗೆ (ರಿವರ್ಸ್) ಹಾಕಿದಾಗ ಧಡ್ ಅನ್ನುವ ಸದ್ದು. ಎರಡು, ಹಗುರವಾಗಿ ಓಡಿಸುವಾಗ 2ರಿಂದ 3ಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದಂಥ ಜರ್ಕ್. ಮೊದಲನೆಯದು ಬೆಳಿಗ್ಗೆ ಸಂಜೆ ಒಂದೇ ರೀತಿ. ಎರಡನೆಯದು ಕಾರು ಕಾದ ಮೇಲೆ ಮಾತ್ರ. ತಣ್ಣಗಿದ್ದಾಗಲೂ ಇರುವುದಕ್ಕೂ, ಕಾದ ಮೇಲೆ ಬರುವುದಕ್ಕೂ ಕಾರಣ ಒಂದೇ ಇರಲಾರದು ಅಂತ ಆಗಲೇ ಅನ್ನಿಸಿತು.

ಮೊದಲನೆಯದರ ಕಾರಣ ಗೇರ್‌ಬಾಕ್ಸ್ ಒಳಗೆ ಇರಲೇ ಇಲ್ಲ. ಬಾನೆಟ್ ತೆಗೆದಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಅಣ್ಣನ ಮಗನನ್ನು ಒಳಗೆ ಕೂರಿಸಿದೆ. ಬ್ರೇಕ್ ಗಟ್ಟಿ ತುಳಿದುಕೊಂಡೇ ಎನ್ (ನ್ಯೂಟ್ರಲ್), ಆರ್, ಎನ್, ಡಿ ಅಂತ ಹಾಕಲು ಹೇಳಿ, ನಾನು ಕಾರಿನ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತು ನೋಡಿದೆ. "ಚಿಕ್ಕಪ್ಪಾ, ಇಂಜಿನ್ನೇ ಎದ್ದು ಕೂರ್ತದಲ್ಲ!" ಅಂದ ಅವನು. ಒಳಗೆ ಕೂತವನಿಗೇ ಗೊತ್ತಾಗುವಷ್ಟು ಜಿಗಿತ. ಇಂಜಿನ್ ಮತ್ತು ಗೇರ್‌ಬಾಕ್ಸನ್ನು ಕಾರಿನ ಮೈಗೆ ಹಿಡಿದಿಡುವ ಮೌಂಟ್‌ಗಳಲ್ಲಿ ಗೇರ್‌ಬಾಕ್ಸ್ ಕಡೆಯದರ ರಬ್ಬರ್ ಸೀಳಿ, ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಗೇರ್‌ಬಾಕ್ಸ್ ಅಡಿಗೆ ಹಲಗೆ ಇಟ್ಟು ಜಾಕ್‌ನಿಂದ ಭಾರ ಹಿಡಿದು, ಮೌಂಟ್ ಬಿಚ್ಚಿ ಹೊಸದು ಹಾಕಿದೆ. ಹಲಗೆ ಇಲ್ಲದೆ ಜಾಕ್ ನೇರ ಕೊಟ್ಟರೆ ಕೆಳಗಿನ ತಗಡು ನಗ್ಗುತ್ತದೆ. ಧಡ್ ಅನ್ನುವ ಸದ್ದು ಮುಕ್ಕಾಲು ಪಾಲು ಅಲ್ಲೇ ಹೋಯಿತು.

ಉಳಿದ ಕಾಲು ಪಾಲು ಐಡಲ್‌ನಿಂದ ಬರುತ್ತಿತ್ತು. ನಿಂತಾಗ ಇಂಜಿನ್ ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತಿದ್ದರೆ ಡಿಗೆ ಹಾಕಿದಾಗ ಒದೆ ಬಿದ್ದೇ ಬೀಳುತ್ತದೆ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಬಾಯಿಗೆ ಕರಿ ಕಿಟ್ಟ, ಅದರ ಮೇಲೆ ನಮ್ಮೂರಿನ ಕೆಂಪು ಧೂಳು. ಥ್ರಾಟಲ್ ಕ್ಲೀನರ್ ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿದೆ, ಏರ್ ಫಿಲ್ಟರ್ ಬದಲಿಸಿದೆ. ಐಡಲ್ ಕೆಳಗಿಳಿದು ಸಮ ಆಯಿತು.

ಆಮೇಲೆ ಸ್ಕ್ಯಾನರ್. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಚುಚ್ಚುವ ಅಗ್ಗದ ಬ್ಲೂಟೂತ್ ಯಂತ್ರ ಸಾಕು, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಮೊಬೈಲಿನಲ್ಲೇ ಓದಬಹುದು. ಆದರೆ ಒಂದು ಮಿತಿ ಇದೆ. ಪಿ0700 ಅಂತ ಬಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದೂರು ಇದೆ ಅಂತ ಮಾತ್ರ ಅರ್ಥ. ಆ ದೂರು ಏನು ಅಂತ ಅಗ್ಗದ ಯಂತ್ರಗಳಿಗೆ ಎಷ್ಟೋ ಸಲ ಓದಲು ಬರುವುದಿಲ್ಲ. ಪಿ0730 ಗೇರ್ ಅನುಪಾತ ತಪ್ಪಿದೆ ಅನ್ನುತ್ತದೆ. ಪಿ0741 ಲಾಕ್‌ಅಪ್ ಕ್ಲಚ್ಚಿನ ದೂರು. ನನ್ನ ಕಾರಿನಲ್ಲಿ ಯಾವ ಕೋಡೂ ಇರಲಿಲ್ಲ. ಆದರೂ ಸ್ಪೀಡ್ ಸೆನ್ಸರ್‌ಗಳ ಮತ್ತು ಗೇರ್ ಲಿವರ್ ಎಲ್ಲಿದೆ ಅಂತ ತಿಳಿಸುವ ಇನ್ಹಿಬಿಟರ್ ಸ್ವಿಚ್ಚಿನ ಪ್ಲಗ್ ಎಳೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕೂರಿಸಿದೆ. ಅದರಿಂದ ಏನೂ ಬದಲಾಗಲಿಲ್ಲ.

ಈಗ ಎಣ್ಣೆಗೆ ಬರೋಣ. 2ರಿಂದ 3ರ ಜರ್ಕ್ ಹೋಗಿದ್ದು ಇಲ್ಲಿ.

ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ನೋಡುವುದು ಇಂಜಿನ್ ಆಯಿಲ್ ನೋಡಿದ ಹಾಗಲ್ಲ. ಕಾದರೆ ಎಣ್ಣೆ ಹಿಗ್ಗುತ್ತದೆ, ಅದಕ್ಕೇ ಡಿಪ್‌ಸ್ಟಿಕ್ ಮೇಲೆ ಕೋಲ್ಡ್, ಹಾಟ್ ಅಂತ ಎರಡು ಗುರುತು. ಕೋಲ್ಡ್ ಗುರುತು ಸಾಮಾನ್ಯವಾಗಿ 20-30 ಡಿಗ್ರಿ ಎಣ್ಣೆಯ ಲೆಕ್ಕದ್ದು. ಬಳ್ಳಾರಿಯ ಬೇಸಿಗೆಯ ಹಗಲಿನಲ್ಲಿ ಎಣ್ಣೆ ಅಷ್ಟು ತಣ್ಣಗೆ ಸಿಗುವುದಿಲ್ಲ. ಹಾಗಾಗಿ ನಾನು ಹಾಟ್ ಗುರುತನ್ನೇ ನಂಬುತ್ತೇನೆ. ಒಂದಿಪ್ಪತ್ತು ನಿಮಿಷ ಓಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಟ್ಟದೆ ಬಿಸಿ ಅಳೆಯುವ ಐಆರ್ ಗನ್‌ನಿಂದ ಗೇರ್‌ಬಾಕ್ಸ್ ಅಡಿಯ ಬಿಸಿ ನೋಡಿದೆ. ನನ್ನ ಕಾರಿಗೆ 70-80 ಡಿಗ್ರಿ ಇರಬೇಕು. ಇಂಜಿನ್ ಆರಿಸಬಾರದು. ಬ್ರೇಕ್ ತುಳಿದು ಪಿ ಇಂದ ಕೆಳಗಿನವರೆಗೆ ಪ್ರತಿ ಗೇರಿನಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಿಸಿ, ಎನ್‌ಗೆ ತಂದು ಡಿಪ್‌ಸ್ಟಿಕ್ ಎಳೆದೆ. ಕೆಲವು ಕಾರಿಗೆ ಪಿಯಲ್ಲಿ ನೋಡಬೇಕು. ಹೋಂಡಾ ಕಾರುಗಳಲ್ಲಿ ಇಂಜಿನ್ ಆರಿಸಿ ಒಂದೂವರೆ ನಿಮಿಷದೊಳಗೆ ನೋಡುವ ಪದ್ಧತಿ. ಈಚಿನ ಎಷ್ಟೋ ಕಾರುಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ, ಅಡಿಯಲ್ಲಿ ಒಂದು ಬೋಲ್ಟ್ ಬಿಚ್ಚಿ ಎಣ್ಣೆ ತುಳುಕುತ್ತದಾ ಅಂತ ನೋಡಬೇಕು. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೋ ಅದೇ ಸರಿ.

ಒರೆಸಲು ಕಾಟನ್ ವೇಸ್ಟ್ ಬಳಸಬೇಡಿ. ಅದರ ಎಳೆ ಒಳಗೆ ಹೋದರೆ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಎಳೆ ಬಿಡದ ಬಟ್ಟೆ ಇರಲಿ.

ಮಟ್ಟ ಹಾಟ್ ಗುರುತಿನ ಕೆಳಗೆರೆಗಿಂತ ಸ್ವಲ್ಪ ಕೆಳಗಿತ್ತು. ಎಣ್ಣೆ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ತಡವಾಗಿ ಬಂದು ಕ್ಲಚ್ ಒಮ್ಮೆಲೇ ಹಿಡಿಯುತ್ತದೆ. ಹೆಚ್ಚು ಸುರಿದರೂ ಅದೇ ಗತಿ. ತಿರುಗುವ ಗೇರುಗಳು ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತವೆ. ಒಂದು ಲೀಟರ್ ಜಾಸ್ತಿ ಇರಲಿ ಅನ್ನುವ ಉದಾರತನ ಇಲ್ಲಿ ಬೇಡ.

ಹೊಸ ಎಣ್ಣೆ ಕೆಂಪು. ನನ್ನದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಕಪ್ಪಾಗಿ, ಸುಟ್ಟ ವಾಸನೆ ಹೊಡೆದು, ಕರಿ ಚೂರು ಕಂಡರೆ ಅದು ಕ್ಲಚ್ ಪ್ಲೇಟಿನ ಪದರ. ಹಾಲು ಬೆರೆತ ಗುಲಾಬಿ ಬಣ್ಣ ಕಂಡರೆ ಕಾರು ಸ್ಟಾರ್ಟ್ ಮಾಡಲೇಬೇಡಿ. ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಸೋರಿ ಕೂಲೆಂಟ್ ಬೆರೆತಿದೆ ಅಂತ ಅರ್ಥ.

ಯಾವ ದರ್ಜೆಯ ಎಟಿಎಫ್ ಅಂತ ನೋಡಿದರೆ ಕೈಪಿಡಿಯಲ್ಲಿ ಎಸ್‌ಪಿ-3 ಅಂತ ಇತ್ತು, ಅದನ್ನೇ ತಂದೆ. ಅಂಗಡಿಯವರು, "ಎಲ್ಲಾ ಗಾಡಿಗೂ ಇದೇ ಹಾಕ್ತಾರ ತಗೋರಿ ಸರ್" ಅಂತ ಬೇರೆ ಡಬ್ಬಿ ತೋರಿಸಿದರು. ಬೇಡ ಅಂದೆ. ಕ್ಲಚ್ ಎಷ್ಟು ಮೆತ್ತಗೆ ಹಿಡಿಯಬೇಕು ಅನ್ನುವುದು ಎಣ್ಣೆಯಲ್ಲಿ ಬೆರೆಸಿರುವ ಫ್ರಿಕ್ಷನ್ ಮಾಡಿಫೈಯರ್ ಮೇಲೆ ನಿಂತಿದೆ. ಅದು ಒಂದೊಂದು ಗೇರ್‌ಬಾಕ್ಸಿಗೆ ಒಂದೊಂದು ಥರ. ಎಣ್ಣೆ ಹಳತಾದಂತೆ ಮೊದಲು ಸಾಯುವುದೂ ಅದೇ. ನನ್ನ ಜರ್ಕಿಗೆ ಇದೇ ಮೂಲ ಅಂತ ನನ್ನ ಲೆಕ್ಕ.

ಇಳಿಸುವ ಕೆಲಸ ಸುಲಭ. ಕಾರನ್ನು ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕ್ ನಂಬಿ ಅಡಿಗೆ ಹೋಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೈ ಸುಡದಷ್ಟು ಬೆಚ್ಚಗಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿದೆ. ಬಂದ ಎಣ್ಣೆಯನ್ನು ಲೀಟರ್ ನೀರಿನ ಬಾಟಲಿಗಳಲ್ಲಿ ಅಳೆದು ಇಟ್ಟುಕೊಂಡೆ, ನಾಲ್ಕು ಲೀಟರ್ ಹತ್ತಿರ. ಬಿಳಿ ಬಟ್ಟೆಯಲ್ಲಿ ಸ್ವಲ್ಪ ಸೋಸಿ ಮ್ಯಾಗ್ನೆಟ್ ಆಡಿಸಿದೆ. ಬೂದಿಯಂಥ ನುಣ್ಣನೆ ಪುಡಿ ಅಂಟಿತು. ಅದು ಇರುವುದೇ. ಚೂರು ಚೂರು ಲೋಹ ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಬೋಲ್ಟಿಗೆ ಹೊಸ ವಾಷರ್ ಹಾಕಿ ಟಾರ್ಕ್ ರೆಂಚ್‌ನಿಂದ ಬಿಗಿದೆ. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ, ಜೋರು ಕೊಟ್ಟರೆ ಮರೆ (ಥ್ರೆಡ್) ಕಿತ್ತು ಬರುತ್ತದೆ. ಡಿಪ್‌ಸ್ಟಿಕ್ ಕೊಳವೆಯಲ್ಲೇ ಉದ್ದ ಮೂತಿಯ ಲಾಳಿಕೆ ಇಟ್ಟು ಹೊಸದನ್ನು ಸುರಿದೆ. ಮೊದಲು ಇಳಿದಷ್ಟೇ ಅಳತೆ, ಆಮೇಲೆ ಕಾಯಿಸಿ ನೋಡಿ ಉಳಿದದ್ದು.

ಒಂದೇ ಸಲಕ್ಕೆ ಎಲ್ಲ ಬದಲಾಗುವುದಿಲ್ಲ. ನನ್ನ ಗೇರ್‌ಬಾಕ್ಸ್ ಒಟ್ಟು ಹಿಡಿಯುವುದು ಆರೂವರೆ ಲೀಟರ್ ಆಸುಪಾಸು. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲೇ ಕೂತಿರುತ್ತದೆ. ನಾಲ್ಕು ಲೀಟರ್ ತೆಗೆದರೆ ಹಳತು ನೂರಕ್ಕೆ 38ರಷ್ಟು ಉಳಿಯಿತು. ಇನ್ನೊಮ್ಮೆ ಮಾಡಿದರೆ 15, ಮತ್ತೊಮ್ಮೆ ಮಾಡಿದರೆ 6. ನಡುವೆ ಒಂದೊಂದು ವಾರ ಓಡಿಸಿ, ಹಳತು 6ಕ್ಕೆ ಬರುವವರೆಗೆ ಹೀಗೇ ಮಾಡಿದೆ. ಯಂತ್ರ ಹಚ್ಚಿ ಒಮ್ಮೆಲೇ ಫ್ಲಶ್ ಮಾಡಿಸಬಹುದಿತ್ತು. ಹಳೇ ಗೇರ್‌ಬಾಕ್ಸಿನ ಕಿಟ್ಟವನ್ನು ಒತ್ತಡ ಕೊಟ್ಟು ಎಬ್ಬಿಸುವುದು ನನಗೆ ಬೇಡವಾಗಿತ್ತು.

"ಹಳೇ ಎಣ್ಣೆ ಬದಲಿಸಿದರೆ ಗೇರ್‌ಬಾಕ್ಸ್ ಸತ್ತೇ ಹೋಗುತ್ತೆ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಅದು ಪೂರ್ತಿ ಸುಳ್ಳಲ್ಲ. ಕ್ಲಚ್ ಆಗಲೇ ಸವೆದು ಸ್ಲಿಪ್ ಆಗುತ್ತಿದ್ದ ಗಾಡಿಗಳಿಗೆ ಕೊನೇ ಘಳಿಗೆಯಲ್ಲಿ ಎಣ್ಣೆ ಬದಲಿಸುತ್ತಾರೆ, ಆಮೇಲೆ ಅದು ನಿಲ್ಲುತ್ತದೆ, ಪಾಪ ಹೊಸ ಎಣ್ಣೆಯ ತಲೆಗೆ. ಅದಕ್ಕೇ ಸ್ಲಿಪ್ಪೋ ಜರ್ಕೋ ಅಂತ ಮೊದಲು ನೋಡಿ ಅಂದಿದ್ದು.

ಕೊನೆಗೆ ಕಂಪ್ಯೂಟರಿಗೂ ಹೊಸದಾಗಿ ಕಲಿಸಬೇಕು. ಹಳೇ ಎಣ್ಣೆಗೆ ತಕ್ಕಂತೆ ಅದು ಒತ್ತಡ ಹೊಂದಿಸಿಕೊಂಡಿರುತ್ತದೆ. ನನ್ನ ಹಳೇ ಕಾರಿಗೆ ಬ್ಯಾಟರಿ ಟರ್ಮಿನಲ್ ಸ್ವಲ್ಪ ಹೊತ್ತು ಬಿಚ್ಚಿಟ್ಟದ್ದೇ ಸಾಕಾಯಿತು. ಎಷ್ಟೋ ಹೊಸ ಕಾರುಗಳಿಗೆ ಹೀಗೆ ಆಗುವುದಿಲ್ಲ, ಒಳ್ಳೆಯ ಸ್ಕ್ಯಾನರ್ ಬೇಕು. ಬೆಳಿಗ್ಗೆ ಲಾರಿ ಕಡಿಮೆ ಇರುವ ಹೊತ್ತಿನಲ್ಲಿ ಸಿರುಗುಪ್ಪ ರಸ್ತೆಯಲ್ಲಿ ಮೆತ್ತಗೆ ಕಾಲಿಟ್ಟು 1ರಿಂದ 4ರವರೆಗೆ ಏರಿಸುವುದು, ಬ್ರೇಕ್ ಹಗುರ ಒತ್ತಿ ನಿಲ್ಲಿಸುವುದು, ಮತ್ತೆ ಅದೇ. ಶುರುವಿನಲ್ಲಿ ಗೇರ್ ಇನ್ನೂ ಕೆಟ್ಟದಾಗಿ ಬೀಳುತ್ತದೆ, ಹೆದರಬೇಡಿ.

ಇದೆಲ್ಲ ಟಾರ್ಕ್ ಕನ್ವರ್ಟರ್ ಗಾಡಿಯ ಮಾತು. 2014ರಲ್ಲಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ಸಣ್ಣ ಆಟೋಮ್ಯಾಟಿಕ್ ಕಾರು ಅಂದರೆ ಹೆಚ್ಚಾಗಿ ಎಎಂಟಿ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ತುಳಿಯುವುದು ಮಾತ್ರ ಯಂತ್ರ. ಅಲ್ಲಿ ಎಟಿಎಫ್ ಪ್ರಶ್ನೆಯೇ ಬರುವುದಿಲ್ಲ, ಕ್ಲಚ್ ಸವೆತ ನೋಡಿ ಸ್ಕ್ಯಾನರ್‌ನಲ್ಲಿ ಕ್ಲಚ್ ಲರ್ನಿಂಗ್ (ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದು) ಮಾಡಿಸಬೇಕು. ಸಿವಿಟಿಗೆ (ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಅದರದ್ದೇ ಎಣ್ಣೆ. ಎಟಿಎಫ್ ಸುರಿದರೆ ಅದರ ಬೆಲ್ಟ್ ಹಾಳು.

ತೆಗೆದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಕ್ಯಾನ್‌ಗೆ ತುಂಬಿ, ಹಳೇ ಎಣ್ಣೆ ಬ್ಯಾರೆಲ್ ಇಟ್ಟಿರುವ ಗ್ಯಾರೇಜಿಗೆ ಕೊಟ್ಟೆ.

2ರಿಂದ 3ರ ಜರ್ಕ್ ಈಗ ಇಲ್ಲ. ಡಿಗೆ ಹಾಕಿದರೆ ಹೆಂಡತಿ "ಬಿತ್ತೇನ್ರೀ?" ಅಂತ ಕೇಳುವಷ್ಟು ಮೆತ್ತಗೆ ಬೀಳುತ್ತದೆ. ಆದರೆ ಕಡು ಬಿಸಿಲಲ್ಲಿ ಕುಡಿತಿನಿ ಸಾಲಿನಲ್ಲಿ ಅರ್ಧ ಗಂಟೆ ತೆವಳಿದರೆ 1ರಿಂದ 2ಕ್ಕೆ ಸಣ್ಣ ತಟ್ಟು ಇನ್ನೂ ಇದೆ. ಆಗ ಐಆರ್ ಗನ್ 100 ಡಿಗ್ರಿ ಹತ್ತಿರ ತೋರಿಸುತ್ತದೆ. ರೇಡಿಯೇಟರ್ ಮುಂದೆ ಒಂದು ಸಣ್ಣ ಆಯಿಲ್ ಕೂಲರ್ ಕೂರಿಸಬೇಕು ಅಂತಿದ್ದೇನೆ. ಕೂಲರ್ ಬಂದಿದೆ, ಬ್ರಾಕೆಟ್ ವೆಲ್ಡಿಂಗ್ ಆಗಬೇಕು.