ಹಾಡು, ಸಂಸತ್ತು, ಆಫೀಸು: ಮೂರನ್ನೂ ಒಂದೇ ಲಹರಿಯಲ್ಲಿ ಕೂಡಿಸುವ ಬಗೆ

ಸಂಗೀತ, ದೇಶದ ರಾಜಕೀಯ, ಆಫೀಸಿನ ನಗೆ ಮೂರೂ ಒಂದೇ ಲಹರಿಯಲ್ಲಿ, ಅಂದರೆ ಹರಟೆಯ ಧಾಟಿಯ ಒಂದು ಚಿಕ್ಕ ಬರಹದಲ್ಲಿ, ಬರಬೇಕಾದರೆ ಮೊದಲು ಮೂರಕ್ಕೂ ತಾಗುವ ಒಂದು ಪದ ಕೈಗೆ ಸಿಗಬೇಕು: ‘ದನಿ’, ‘ಕಾಯುವುದು’, ‘ಕುರ್ಚಿ’, ಇಂಥದ್ದು. ಆ ಪದ ಸಿಗುವ ಮುಂಚೆಯೇ ಬರೆಯಲು ಕೂತರೆ ಮೂರು ಬಿಡಿ ಟಿಪ್ಪಣಿಗಳು ಒಂದರ ಕೆಳಗೊಂದು ಬಂದು ಕೂರುತ್ತವೆ. ಆಮೇಲೆ ‘ಇನ್ನು ರಾಜಕೀಯಕ್ಕೆ ಬಂದರೆ’ ಎಂದು ಮೊಳೆ ಹೊಡೆದು ಜೋಡಿಸಬೇಕಾಗುತ್ತದೆ. ಮೊಳೆ ಕಣ್ಣಿಗೆ ಬಿದ್ದರೆ ಓದುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ಪದ ಹುಡುಕಲು ಒಂದು ವಾರ ಕೊಡಿ. ದಿನಕ್ಕೆ 3 ಸಾಲು ಸಾಕು: ಕಿವಿಗೆ ಬಿದ್ದ ಸಂಗೀತದ ಬಗ್ಗೆ ಒಂದು, ಸುದ್ದಿಯದ್ದು ಒಂದು, ಆಫೀಸಿನದ್ದು ಒಂದು. ಅಭಿಪ್ರಾಯ ಬರೆದಿಡಬೇಡಿ, ನಡೆದದ್ದನ್ನು ಬರೆದಿಡಿ. ‘ಸಂಗೀತ ಕಛೇರಿ ಚೆನ್ನಾಗಿತ್ತು’ ಎಂಬ ಸಾಲಿನಿಂದ ಏನೂ ಹುಟ್ಟುವುದಿಲ್ಲ. ‘ಎರಡನೇ ಕೃತಿ ಮುಗಿದ ಮೇಲೆ ತಂಬೂರಿಯನ್ನು ಮತ್ತೆ ಶ್ರುತಿ ಮಾಡಿಕೊಂಡರು’ ಎಂಬುದರಿಂದ ಹುಟ್ಟುತ್ತದೆ. ವಾರದ ಕೊನೆಗೆ ಕೈಯಲ್ಲಿ 21 ಸಾಲುಗಳಿರುತ್ತವೆ. ಯಾವುದಾದರೂ ಎರಡು ಸಾಲುಗಳಲ್ಲಿ ಒಂದೇ ಕ್ರಿಯೆ ಮರುಕಳಿಸಿದೆಯೇ ನೋಡಿ. ಎರಡು ಸಿಕ್ಕರೆ ಮೂರನೆಯದು ತಾನಾಗಿ ಬರುತ್ತದೆ.

‘ದನಿ’ಯನ್ನೇ ಹಿಡಿದು ನೋಡೋಣ. ಸಂಗೀತದ ಕಡೆಯಿಂದ, ಹಾಡಿನ ಹಿನ್ನೆಲೆಯಲ್ಲಿ ಒಂದೇ ಸಮನೆ ಮಿಡಿಯುವ ತಂಬೂರಿ ಬರಲಿ. ಸಾಮಾನ್ಯವಾಗಿ ಅದರ 4 ತಂತಿಗಳು ಕೆಳಗಿನ ಸ್ಥಾಯಿಯ ‘ಪ’, ನಡುವಿನ ಸ್ಥಾಯಿಯ ‘ಸ’ ಎರಡು, ಕೆಳಗಿನ ‘ಸ’ ಹೀಗೆ ಕೂಡಿರುತ್ತವೆ. ಆದರೆ ಮಾಲಕೌಂಸ್ ರಾಗದಲ್ಲಿ ಪಂಚಮವೇ, ಅಂದರೆ ಆ ‘ಪ’ ಸ್ವರವೇ, ಇಲ್ಲ. ಹಾಗಾಗಿ ಹಿಂದೂಸ್ತಾನಿ ಗಾಯಕರು ಅದನ್ನು ಹಾಡುವಾಗ ಮೊದಲ ತಂತಿಯನ್ನು ಮಧ್ಯಮಕ್ಕೆ, ಅಂದರೆ ‘ಮ’ ಸ್ವರಕ್ಕೆ, ಇಳಿಸಿಕೊಳ್ಳುತ್ತಾರೆ. ಹಾಡಿನಲ್ಲಿ ಇಲ್ಲದ ದನಿಗೆ ಹಿನ್ನೆಲೆಯಲ್ಲೂ ಜಾಗವಿಲ್ಲ! ಇಷ್ಟು ಹೇಳಿದರೆ ‘ಮನಮೋಹಕ’, ‘ಕರ್ಣಾನಂದಕರ’ ಯಾವುದೂ ಬೇಕಾಗುವುದಿಲ್ಲ. ಪಾರಿಭಾಷಿಕ ಪದ ಬಂದರೆ ಅರ್ಥವನ್ನು ಅದೇ ವಾಕ್ಯದೊಳಗೆ ಕರಗಿಸಿ. ಒಂದು ಪ್ಯಾರಾಕ್ಕೆ ಅಂಥ ಎರಡು ಪದಕ್ಕಿಂತ ಹೆಚ್ಚು ಹಾಕಿದರೆ ಸಂಗೀತ ಗೊತ್ತಿಲ್ಲದವರು ಕೈಬಿಟ್ಟು ಹೋಗುತ್ತಾರೆ.

ರಾಜಕೀಯದಿಂದ ಧ್ವನಿಮತ. ಲೋಕಸಭೆಯಲ್ಲಿ ಸ್ಪೀಕರ್ ‘ಹೌದು’, ‘ಇಲ್ಲ’ ಎರಡೂ ಕೂಗುಗಳನ್ನು ಕೇಳಿ ಯಾವ ಕಡೆ ಹೆಚ್ಚು ಎಂದು ಹೇಳುತ್ತಾರೆ. ಸದಸ್ಯರು ಅದನ್ನು ಒಪ್ಪದೆ ಮತ ವಿಭಜನೆ, ಅಂದರೆ ಮತಗಳ ಎಣಿಕೆ, ಕೇಳಿದರೆ ಸದನದ ಪಕ್ಕದ ಮೊಗಸಾಲೆಯನ್ನು (ಲಾಬಿ) ತೆರವು ಮಾಡಿಸಿ, ಮೂರೂವರೆ ನಿಮಿಷ ಬಿಟ್ಟು ಪ್ರಶ್ನೆಯನ್ನು ಎರಡನೇ ಸಲ ಸದನದ ಮುಂದಿಡುತ್ತಾರೆ. ಆಗಲೂ ದನಿಯಲ್ಲಿ ತೀರದ್ದು ಎಣಿಕೆಗೆ ಹೋಗುತ್ತದೆ. ನಾಯಕರ ಹೇಳಿಕೆಗಿಂತ ಸದನದ ಇಂಥ ನಡಾವಳಿ ಲಹರಿಗೆ ಒದಗುವುದು ಯಾಕೆಂದರೆ ಹೇಳಿಕೆ ನಾಲ್ಕು ದಿನಕ್ಕೆ ಹಳಸುತ್ತದೆ, ನಡಾವಳಿ ಮುಂದಿನ ವರ್ಷವೂ ಅರ್ಥವಾಗುತ್ತದೆ.

ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಮಸೂದೆಯನ್ನು ಕಾಯ್ದೆ ಎನ್ನುವುದು ಒಂದು: ಎರಡೂ ಸದನಗಳು ಅಂಗೀಕರಿಸಿ ರಾಷ್ಟ್ರಪತಿಯ ಅಂಕಿತ ಬೀಳುವ ತನಕ ಅದು ಮಸೂದೆಯೇ. ಮತಪ್ರಮಾಣವನ್ನೂ ಸ್ಥಾನಗಳನ್ನೂ ಕಲಸುವುದು ಇನ್ನೊಂದು. 2014ರಲ್ಲಿ ಬಿಜೆಪಿ ಗೆದ್ದದ್ದು 543ರಲ್ಲಿ 282 ಸ್ಥಾನ, ಪಡೆದ ಮತ ಸುಮಾರು ಶೇ 31. ಸ್ಥಾನಗಳಲ್ಲಿ ಸ್ಪಷ್ಟ ಬಹುಮತ ಬಂದಿತ್ತು ಎನ್ನುವುದು ಸರಿ, ದೇಶದ ಅರ್ಧಕ್ಕಿಂತ ಹೆಚ್ಚು ಮತ ಬಂದಿತ್ತು ಎನ್ನುವುದು ತಪ್ಪು. ಇಂಥ ಒಂದು ತಪ್ಪು ಸಿಕ್ಕಿದರೆ ಉಳಿದ ಪುಟವನ್ನು ಯಾರೂ ನಂಬುವುದಿಲ್ಲ. ಪಕ್ಷಪಾತ ಕಂಡುಹಿಡಿಯಲು ಸುಲಭದ ಪರೀಕ್ಷೆ ಇದೆ: ಪಕ್ಷದ ಹೆಸರು ತೆಗೆದು ಎದುರು ಪಕ್ಷದ ಹೆಸರಿಟ್ಟು ಓದಿ. ಆಗ ಬರೆದವರಿಗೇ ಅನ್ಯಾಯ ಅನ್ನಿಸುವ ವಾಕ್ಯವಿದ್ದರೆ ಅದನ್ನು ಹೊಡೆದುಹಾಕಿ.

ಆಫೀಸಿನ ನಗೆ ಮೂರರಲ್ಲೂ ಕಷ್ಟದ್ದು. ಆನ್‌ಲೈನ್ ಮೀಟಿಂಗಿನಲ್ಲಿ ಒಬ್ಬರು ಮ್ಯೂಟ್ ತೆಗೆಯದೆ ಮಾತಾಡುತ್ತಲೇ ಇದ್ದಾರೆ ಎಂದಿಟ್ಟುಕೊಳ್ಳಿ. ‘ಮ್ಯೂಟ್ ತೆಗೆಯದೆ ಅವರು ಹತ್ತು ನಿಮಿಷ ಮಾತಾಡಿದರು’ ಎಂದು ಬರೆದರೆ ನಗು ಬರುವುದಿಲ್ಲ, ಗುಟ್ಟು ಮೊದಲ ಪದದಲ್ಲೇ ಒಡೆದುಹೋಯಿತು. ‘ಹತ್ತು ನಿಮಿಷ ಮಾತಾಡಿ, ಏನಾದರೂ ಪ್ರಶ್ನೆ ಇದೆಯಾ ಅಂತ ಕೇಳಿದರು. ಇತ್ತು, ಒಂದೇ: ಮ್ಯೂಟ್ ಯಾವಾಗ ತೆಗೀತೀರಿ ಸರ್?’ ಎಂದರೆ ನಗು ಕೊನೆಯಲ್ಲಿ ಕೂರುತ್ತದೆ. ಆದರೆ ಇಲ್ಲೂ ಒಂದು ತೊಡಕಿದೆ: ಮ್ಯೂಟ್ ಆಗಿದ್ದರೆ ಅವರ ಪ್ರಶ್ನೆ ಕೇಳಿಸಿದ್ದು ಹೇಗೆ? ನಗೆಯ ಸಾಲಿಗೂ ತರ್ಕದ ಪರೀಕ್ಷೆ ಮಾಡಿ. ತಿದ್ದಿದ ಮೇಲೆ ಹೀಗಾಗಬಹುದು: ‘ಹತ್ತು ನಿಮಿಷ ಕೈ ಆಡಿಸಿ, ಸ್ಲೈಡ್ ಬದಲಿಸಿ, ಕೊನೆಗೆ ಚಾಟ್ ತೆರೆದು ನೋಡಿದರು. ಹದಿಮೂರು ಜನ ಒಂದೇ ಮಾತು ಬರೆದಿದ್ದರು: ಸರ್, ಮ್ಯೂಟ್.’ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಗಿಸಬೇಕಾದ ನಾಮಪದ ಸಾಮಾನ್ಯವಾಗಿ ವಾಕ್ಯದ ನಡುವೆ ಮುಳುಗಿಹೋಗುತ್ತದೆ. ವಾಕ್ಯವನ್ನು ಒಡೆದೋ, ಆಡಿದ ಮಾತನ್ನೇ ಕೊನೆಗಿಟ್ಟೋ ಅದನ್ನು ಮೇಲೆತ್ತಬೇಕು.

ಜೊತೆಯವರ ಹೆಸರು, ಹುದ್ದೆ, ಊರು ಹಾಕಬೇಡಿ. ಇಬ್ಬರ ಮಾತನ್ನು ಒಬ್ಬರ ಬಾಯಲ್ಲಿ ಇಟ್ಟರೂ ನಡೆಯುತ್ತದೆ. ಉಚ್ಚಾರಣೆ, ಮೈಕಟ್ಟು, ಜಾತಿ, ರಜೆ ಹಾಕಿದ ಕಾರಣ ಇವು ನಗೆಯ ಸರಕಲ್ಲ. ಕೈಕೆಳಗಿನವರನ್ನು ಬಿಟ್ಟು ಪದ್ಧತಿಯನ್ನೇ ಹಿಡಿಯಿರಿ: ಮೀಟಿಂಗಿಗೆ ಮುಂಚೆ ನಡೆಯುವ ಮೀಟಿಂಗು, ನಾಲ್ಕು ಜನರ ಸಹಿ ಬೇಡುವ ಒಂದು ಪೆನ್ನು.

600 ಪದಗಳ ಲಹರಿಯಾದರೆ ಸಮಪಾಲು ಮಾಡಬೇಡಿ. ಹೆಚ್ಚು ಗಟ್ಟಿ ವಿವರ ಇರುವುದಕ್ಕೆ 300 ಪದ, ಎರಡನೆಯದಕ್ಕೆ 180, ಮೂರನೆಯದು ಒಂದು ಮಿಂಚಿನಂತೆ ಬಂದುಹೋದರೂ ಸಾಕು. ಆಫೀಸಿನಿಂದ ಶುರು ಮಾಡುವುದು ಸುಲಭ, ಎಲ್ಲರೂ ಒಳಗೆ ಬರುತ್ತಾರೆ. ರಾಜಕೀಯ ನಡುವೆ ಇರಲಿ. ಅದು ಮೊದಲು ಬಂದರೆ ಓದುವವರು ಆಗಲೇ ಎರಡು ಪಾಳಯವಾಗಿ ಕೂತಿರುತ್ತಾರೆ.

ಬರೆದದ್ದನ್ನು ಒಂದು ರಾತ್ರಿ ಬಿಟ್ಟು ಗಟ್ಟಿಯಾಗಿ ಓದಿ. ಉಸಿರು ಸಾಲದ ಕಡೆ ವಾಕ್ಯ ಕತ್ತರಿಸಿ. ಮೊದಲ ಪ್ಯಾರಾ ತೆಗೆದು ನೋಡಿ, ಬಹುಪಾಲು ಅದು ಬೇಕಿರುವುದಿಲ್ಲ. ಕೊನೆಯಲ್ಲಿ ಮೂರನ್ನೂ ಗಂಟು ಹಾಕುವ ಸಾಲು ಬರೆದಿದ್ದರೆ ಅದನ್ನೂ ತೆಗೆಯಿರಿ. ದನಿಯ ಲಹರಿ ಮಧ್ಯಮಕ್ಕೆ ಇಳಿದ ಆ ಮೊದಲ ತಂತಿಯ ಮೇಲೇ ನಿಲ್ಲಲಿ.