ಮಾಯದ ಗಾಯ: ಒಳಗಿನ ರೋಗವೋ, ಸ್ವಂತ ಕೈಯೋ?

ಚಿಕಿತ್ಸೆ ಸರಿಯಾಗಿದ್ದರೂ ತಿಂಗಳುಗಟ್ಟಲೆ ಮಾಯದ ಗಾಯ ಕಂಡಾಗ ವೈದ್ಯರು ಮೊದಲು ಸಕ್ಕರೆ ಕಾಯಿಲೆ, ರಕ್ತನಾಳಗಳ ಉರಿಯೂತ, ಸೋಂಕುಗಳನ್ನು ಹುಡುಕಬೇಕು. ಪಯೋಡರ್ಮಾ ಗ್ಯಾಂಗ್ರಿನೋಸಮ್ ಎಂಬ, ಚರ್ಮದಲ್ಲಿ ಹುಣ್ಣು ಮಾಡುವ ರೋಗವಂತೂ ಗಾಯವನ್ನು ಕೆರೆದು ಸ್ವಚ್ಛ ಮಾಡಿದರೆ ಇನ್ನಷ್ಟು ಹರಡಬಹುದು. ಅದನ್ನು ‘ರೋಗಿಯೇ ಮಾಡಿಕೊಂಡದ್ದು’ ಎಂದುಬಿಟ್ಟರೆ ಅನ್ಯಾಯ.

ಆಮೇಲೆ ಆಕಾರ ನೋಡಿ. ನೇರ ಗೆರೆ, ಚೂಪು ಮೂಲೆ, ಒಂದೇ ಅಳತೆಯ ಸಾಲು ಗಾಯಗಳು, ಅಂಚಿನಾಚೆ ಪೂರ್ತಿ ಆರೋಗ್ಯವಂತ ಚರ್ಮ: ಇವು ಸ್ವಂತ ಕೈಯ ಅನುಮಾನಕ್ಕೆ ಎಡೆ. ಜಾಗವನ್ನೂ ಗಮನಿಸಿ. ಬಲಗೈ ಬಳಸುವವರು ತಾವೇ ಮಾಡಿಕೊಂಡ ಗಾಯ ಎಡ ಮುಂಗೈಯಲ್ಲಿ ಹೆಚ್ಚು. ಕೈಗೆಟುಕದ ನಡುಬೆನ್ನಿನಲ್ಲಿ ಗಾಯ ಇರುವುದಿಲ್ಲ. ಆದರೆ ಮೂತ್ರಪಿಂಡ, ಯಕೃತ್ತಿನ ಕಾಯಿಲೆಯಿಂದ ತುರಿಸಿಕೊಳ್ಳುವವರಲ್ಲೂ ನಡುಬೆನ್ನು ಹಾಗೆಯೇ ಉಳಿಯುತ್ತದೆ.

ಗಾಯದ ಕಥೆ ಕೇಳಿ. ಮೊದಲು ಕೆಂಪಾಯಿತೇ, ಗುಳ್ಳೆ ಎದ್ದಿತೇ? ‘ಬೆಳಗ್ಗೆ ಎದ್ದಾಗ ಇತ್ತು’ ಎಂಬುದರಾಚೆ ಏನೂ ಹೊರಡದಿದ್ದರೆ ಹಾಗೆಯೇ ಬರೆದಿಡಿ. ಪ್ರತಿ ಭೇಟಿಯಲ್ಲಿ, ರೋಗಿಯ ಒಪ್ಪಿಗೆಯೊಂದಿಗೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಗಾಯ ಪೂರ್ತಿ ಮುಚ್ಚುವ ಡ್ರೆಸಿಂಗ್ ಒಂದೆರಡು ವಾರದಲ್ಲಿ ಸ್ಪಷ್ಟ ಸುಧಾರಣೆ ತಂದು, ಬಿಚ್ಚಿದೊಡನೆ ಮತ್ತೆ ಕೆಟ್ಟರೆ ಅದು ಬಲವಾದ ಸುಳಿವು. ಪುರಾವೆಯಲ್ಲ, ಏಕೆಂದರೆ ಕಾಲಿನ ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದ) ತೊಂದರೆಯಿಂದಾದ ಹುಣ್ಣೂ ಬಿಗಿ ಕಟ್ಟಿನಡಿ ಮಾಯುತ್ತದೆ. ಬಯಾಪ್ಸಿಯ (ಗಾಯದ ಚೂರು ತೆಗೆದು ಮಾಡುವ ಪರೀಕ್ಷೆಯ) ಮುಖ್ಯ ಉಪಯೋಗ ಬೇರೆ ರೋಗಗಳನ್ನು ಹೊರಗಿಡುವುದು.

ಮಗು, ವೃದ್ಧರು, ಪರಾವಲಂಬಿಗಳಲ್ಲಿ ಬೇರೆಯವರ ಕೈವಾಡ ಇದೆಯೇ ಎಂದು ಮೊದಲೇ ಯೋಚಿಸಿ.

ಹೆಚ್ಚಿನವರು ಎಡವುವುದು ಮಾತಿನಲ್ಲಿ. ‘ನೀವೇ ಮಾಡಿಕೊಂಡಿರಿ ಅಲ್ಲವೇ?’ ಎಂದರೆ ರೋಗಿ ಮತ್ತೆ ಬರದೇ ಇರಬಹುದು. ಮನೆಯವರನ್ನು ಹೊರಗೆ ಕಳಿಸಿ, ‘ಮನಸ್ಸಿನ ಒತ್ತಡ ತಡೆಯಲಾಗದಾಗ ಕೆಲವರಿಗೆ ಮೈಗೆ ನೋವು ಮಾಡಿಕೊಳ್ಳಬೇಕು ಅನ್ನಿಸುತ್ತದೆ, ನಿಮಗೂ ಹಾಗಾಗುವುದುಂಟೇ?’ ಎಂದು ಕೇಳಿ. ಸಾಯುವ ಯೋಚನೆ ಇದೆಯೇ ಎಂದೂ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದೆ ಎಂದರೆ ಒಬ್ಬರನ್ನೇ ಬಿಡದೆ ಅಂದೇ ಮನೋವೈದ್ಯರ ಬಳಿ ಕಳಿಸಿ.

ಒಪ್ಪಿಗೆಯಿಲ್ಲದೆ ರೋಗಿಯ ಚೀಲ ಹುಡುಕಬೇಡಿ. ದಾಖಲೆಯಲ್ಲಿ ‘ನಾಟಕ’ ಎಂಬ ಪದ ಬೇಡ, ಕಂಡದ್ದನ್ನಷ್ಟೇ ಬರೆಯಿರಿ. ಮನೋವೈದ್ಯರಿಗೆ ಒಪ್ಪಿಸಿದ ಮೇಲೂ ಗಾಯ ನೋಡುವ ವೈದ್ಯರು ಒಬ್ಬರೇ ಇರಲಿ, ಗಾಯ ಹೆಚ್ಚಿರಲಿ ಕಡಿಮೆಯಿರಲಿ ಮುಂದಿನ ಭೇಟಿಯ ದಿನಾಂಕ ಕೊಟ್ಟೇ ಕಳಿಸಲಿ.