ಸವಳು ಗದ್ದೆಗೆ ದಿನ ಎಣಿಸಿ ನೀರು ಕಟ್ಟಿದ್ದು

ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮ ಹೊಲ ಇದೆ. ಎರೆ ಭೂಮಿ. ವರ್ಷಗಟ್ಟಲೆ ಭತ್ತಕ್ಕೆ ನೀರು ನಿಲ್ಲಿಸಿ, ಬಸಿಗಾಲುವೆ ಹೂತುಹೋಗಿ, ತಗ್ಗಿನ ಎರಡು ಎಕರೆ ಸವಳಾಯಿತು. ಬೇಸಿಗೆಯಲ್ಲಿ ಬದುವಿನ ಮೇಲೆ ಸುಣ್ಣ ಬಳಿದಂತೆ ಉಪ್ಪು ಏಳುತ್ತದೆ.

ನನ್ನನ್ನು ಮೊದಲು ನಂಬಿಸಿ ಕೆಡವಿದ್ದು ಮೊಳಕೆ. ಅದೇ ಮಣ್ಣನ್ನು ಡಬ್ಬಿಗೆ ತುಂಬಿ ನೂರು ಕಾಳು ಹಾಕಿದೆ, ತೊಂಬತ್ತರ ಹತ್ತಿರ ಮೊಳೆತವು. ಧೈರ್ಯ ಬಂದು ಕೂರಿಗೆ ಬಿತ್ತನೆ ಮಾಡಿದೆ. ಮೊದಮೊದಲು ಹೊಲವೆಲ್ಲ ಹಸಿರು. ಎರಡನೇ, ಮೂರನೇ ಎಲೆ ಬರುವ ಹೊತ್ತಿಗೆ ತುದಿ ಬೆಳ್ಳಗಾಗಿ ಸುರುಳಿ ಸುತ್ತತೊಡಗಿತು. ಇನ್ನೊಂದು ವಾರಕ್ಕೆ ತಗ್ಗು ಬಯಲಾಯಿತು.

ಭತ್ತದ ಕಾಳು ಮೊಳೆಯುವಾಗ ಉಪ್ಪನ್ನು ಚೆನ್ನಾಗಿಯೇ ತಡೆಯುತ್ತದೆ. ಕಾಳಿನೊಳಗಿನ ಬುತ್ತಿ ಮುಗಿದು ಸಸಿ ತನ್ನ ಬೇರಿನ ಮೇಲೆ ಬದುಕಬೇಕಾದಾಗ ಸೋಲುತ್ತದೆ. ಬೇರು ಎಳೆದ ನೀರಿನ ಜೊತೆ ಉಪ್ಪು ಎಲೆಗೆ ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬಲಿತ ಸಸಿ ಅದನ್ನು ಹಳೆ ಎಲೆಗಳಿಗೆ ತುಂಬಿ ಸುಳಿಯನ್ನು ಕಾಪಾಡಿಕೊಳ್ಳುತ್ತದೆ. ಎರಡೆಲೆ ಸಸಿಗೆ ಹಾಗೆ ಬಿಟ್ಟುಕೊಡಲು ಹಳೆ ಎಲೆ ಎಲ್ಲಿಂದ ಬರಬೇಕು?

ಮರುವರ್ಷ ಸಸಿ ಮಡಿಯನ್ನು ಮೇಲಿನ ಒಳ್ಳೆ ನೆಲದಲ್ಲಿ ಮಾಡಿದೆ. ಬಸಿಗಾಲುವೆಯ ಹೂಳು ತೆಗೆಸಿ, ತಗ್ಗಿಗೆ ಮೂರು ಸಲ ನೀರು ತುಂಬಿ ಬಸಿದು ಬಿಟ್ಟೆ. ನೀರು ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಈ ಕೆಲಸವೆಲ್ಲ ದಂಡ. 35 ದಿನದ ಸಸಿಯನ್ನು, ಒಂದು ಗುಣಿಗೆ ನಾಲ್ಕರಂತೆ, ಸಾಲು ಒತ್ತಾಗಿಟ್ಟು ನಾಟಿ ಮಾಡಿಸಿದೆ. ಸವಳಿನಲ್ಲಿ ತೆಂಡೆ (ಬುಡದಿಂದ ಒಡೆಯುವ ಮರಿ ಕವಲು) ಕಡಿಮೆ ಒಡೆಯುತ್ತವೆ, ಅದಕ್ಕೇ ಒತ್ತು ನಾಟಿ. ಬೀಜ, ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದ ಗಂಗಾವತಿ ಸೋನಾ. ಸತುವಿನ ಸಲ್ಫೇಟ್ ಎಕರೆಗೆ 20 ಕಿಲೋ ಹಾಕಿದೆ. ಜಿಪ್ಸಮ್ ಹಾಕು ಅಂದವರಿದ್ದರು, ಆದರೆ ಜಿಪ್ಸಮ್ ಬೇಕಾದ್ದು ಕ್ಷಾರದ ನೆಲಕ್ಕೆ. ಬರೀ ಉಪ್ಪಿನ ನೆಲಕ್ಕೆ ತೊಳೆಯುವುದೇ ಮದ್ದು.

ಬೆಳೆ ದಟ್ಟವಾಗಿ ನಿಂತಿತು, ನೋಡಿದವರೆಲ್ಲ ಹೊಗಳಿದರು. ಅಷ್ಟರಲ್ಲಿ ಕಾಲುವೆ ಸರದಿ ತಪ್ಪಿತು. ತೆನೆ ಕಾಂಡದೊಳಗೇ ಉಬ್ಬಿ ಹೊಡೆ ಕಟ್ಟುವ ಹೊತ್ತು, ಬೇರೆ ದಾರಿ ಇಲ್ಲದೆ ಬಸಿಗಾಲುವೆಯ ಉಪ್ಪು ನೀರನ್ನೇ ಪಂಪಿನಿಂದ ಎತ್ತಿ ಕಟ್ಟಿದೆ. ಎಲೆಗೆ ಏನೂ ಆಗಲಿಲ್ಲ. ಕೊಯ್ಲಿನ ಹೊತ್ತಿಗೆ ಮಾತ್ರ ತೆನೆ ಬಾಗದೆ ನೆಟ್ಟಗೇ ನಿಂತಿದ್ದವು. ಒಂದು ತೆನೆ ಕಿತ್ತು ಅಂಗೈ ಮೇಲೆ ಉಜ್ಜಿ ಊದಿದೆ: ಅರ್ಧಕ್ಕಿಂತ ಹೆಚ್ಚು ಹಾರಿಹೋಯಿತು, ಬರೀ ಜೊಳ್ಳು. ತೆನೆ ಹುಟ್ಟುವಾಗ ಮತ್ತು ಹೂವಾಡುವಾಗ ಉಪ್ಪು ತಾಗಿದರೆ ಪರಾಗ ಬಂಜೆಯಾಗುತ್ತದೆ, ಕಾಳು ಕಟ್ಟುವುದಿಲ್ಲ.

ಆಮೇಲೆ ನಾನು ದಿನ ಎಣಿಸಲು ಕಲಿತೆ. ಕೊಯ್ಲಿನಿಂದ ಹಿಂದಕ್ಕೆ ಎಣಿಸಿದರೆ ಸುಮಾರು 30 ದಿನ ಮುಂಚೆ ಹೂ, 60-65 ದಿನ ಮುಂಚೆ ಕಾಂಡದೊಳಗೆ ತೆನೆಯ ಮೊಗ್ಗು. ಆ ಹೊತ್ತು ಹತ್ತಿರ ಬಂದಾಗ ದೊಡ್ಡ ತೆಂಡೆ ಒಂದನ್ನು ಕಿತ್ತು ಬ್ಲೇಡಿನಿಂದ ಉದ್ದಕ್ಕೆ ಸೀಳುತ್ತೇನೆ. ಮೇಲಿನ ಗೆಣ್ಣಿನ ತುದಿಯಲ್ಲಿ ಹತ್ತಿಯ ಎಳೆಯಂಥ ಬಿಳಿ ಕುಚ್ಚು ಕಂಡರೆ, ಅವತ್ತಿನಿಂದ ಹೂ ಮುಗಿದು ಕಾಳು ಹಾಲು ತುಂಬುವವರೆಗೆ ಆ ಗದ್ದೆಗೆ ಕಾಲುವೆಯ ಸಿಹಿ ನೀರು ಮಾತ್ರ. ನಾಟಿಯಾದ ಮೊದಲ ಹದಿನೈದು ದಿನಕ್ಕೂ ಅದೇ. ಕೊರತೆ ಬಿದ್ದರೆ ಬಸಿನೀರನ್ನು ನಡುವಿನ ತೆಂಡೆ ಒಡೆಯುವ ದಿನಗಳಿಗೆ ಹಾಕುತ್ತೇನೆ, ಆಗ ಭತ್ತ ತಡೆದುಕೊಳ್ಳುತ್ತದೆ. ಸರದಿ ಬಿಟ್ಟುಕೊಡಬೇಕಾದರೂ ಆ ದಿನಗಳದ್ದನ್ನೇ ಬಿಡುತ್ತೇನೆ. ಎಕರೆಗೆ 14 ಚೀಲ ಬರುತ್ತಿದ್ದ ತಗ್ಗಿನಲ್ಲಿ ಕಳೆದ ಮುಂಗಾರಿನಲ್ಲಿ 27 ಬಂತು.

ಮಣ್ಣು ಪರೀಕ್ಷೆಯ ಚೀಟಿ ಬೇಡ ಎನ್ನುತ್ತಿಲ್ಲ. ಮಣ್ಣಿನ ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆಯ ಅಳತೆ, ಡೆಸಿಸೀಮನ್ಸ್/ಮೀಟರ್ ಲೆಕ್ಕದಲ್ಲಿ) 3 ದಾಟಿದರೆ ಮೇಲಿನ ಒಂದೊಂದು ಅಂಕಕ್ಕೂ ಭತ್ತದ ಇಳುವರಿ ಶೇ. 12ರಷ್ಟು ಇಳಿಯುತ್ತದೆ, ಹತ್ತಿ 7.7ರವರೆಗೆ ತಡೆಯುತ್ತದೆ ಎಂಬ ಲೆಕ್ಕ ಬಹಳ ಕಡೆ ಬಳಕೆಯಲ್ಲಿದೆ. ಆದರೆ ಅದು ಬೆಳೆಯ ಇಡೀ ಆಯುಷ್ಯದ ಲೆಕ್ಕ, ಯಾವ ವಾರ ಯಾವ ನೀರು ಕಟ್ಟಬೇಕೆಂದು ಅದರಲ್ಲಿ ಇರುವುದಿಲ್ಲ. ಹತ್ತಿಯನ್ನೇ ನೋಡಿ. ಅಷ್ಟು ಗಟ್ಟಿ ಬೆಳೆ, ಮೊಳೆಯುವಾಗ ಮಾತ್ರ ಸೂಕ್ಷ್ಮ. ದಿಬ್ಬದ ಅಂಚಿನಲ್ಲಿ ಹತ್ತಿ ಹಾಕುವಾಗ ಮೊದಲೇ ಒಂದು ಸಿಹಿ ನೀರು ಕೊಟ್ಟು, ಬೋದಿನ (ಸಾಲುಗಳ ನಡುವಿನ ಮಣ್ಣಿನ ಏರಿಯ) ನೆತ್ತಿ ಬಿಟ್ಟು ಪಕ್ಕದ ಇಳಿಜಾರಿಗೆ ಬೀಜ ಊರಿಸುತ್ತೇನೆ. ಸಾಲಿನ ನೀರು ಮೇಲೇರಿ ಆರಿದಾಗ ಉಪ್ಪೆಲ್ಲ ನೆತ್ತಿಯಲ್ಲೇ ಕೂರುತ್ತದೆ, ಬೆಳಗಿನ ಬಿಸಿಲಿಗೆ ಬಿಳಿ ಗೆರೆಯಾಗಿ ಕಾಣುತ್ತದೆ.